ಬಹಿರ್ಮುಖತೆ 22 ಬಂದರೆ ಸಾಮಾಜಿಕ ಉದ್ಯಮಿ ಆಗಬಾರದಾ?

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಕಣ್ಣು ಕಾಣದ ಜೂನಿಯರ್ ಒಬ್ಬರಿಗೆ ಎರಡು ವರ್ಷದಿಂದ ಪಾಠದ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದೇನೆ. ಈಗ ಇನ್ನೂ ಏಳು ಜನ ಕೇಳುತ್ತಿದ್ದಾರೆ. ಇದನ್ನೇ ಒಂದು ಸಾಮಾಜಿಕ ಉದ್ಯಮ, ಅಂದರೆ ಜನರಿಗೆ ನೆರವಾಗುತ್ತಲೇ ತನ್ನ ಖರ್ಚು ತಾನೇ ದುಡಿದುಕೊಳ್ಳುವ ಕೆಲಸ, ಮಾಡೋಣ ಅಂತ ಆಸೆ. ಆದರೆ ಕಾಲೇಜಿನಲ್ಲಿ ಮಾಡಿಸಿದ ವ್ಯಕ್ತಿತ್ವ ಪರೀಕ್ಷೆಯಲ್ಲಿ ನನಗೆ ಬಹಿರ್ಮುಖತೆ 22 ಪರ್ಸೆಂಟೈಲ್, ಆತಂಕದ ಸ್ವಭಾವ 74, ಹೊಂದಾಣಿಕೆ 88 ಬಂದಿದೆ. ಅಚ್ಚುಕಟ್ಟುತನ 51, ಹೊಸತಿಗೆ ತೆರೆದ ಮನಸ್ಸು 70. ರಿಪೋರ್ಟ್ ನೋಡಿದ ಮೇಷ್ಟ್ರು "ನಿನಗೆ ನೌಕರಿಯೇ ಸರಿ, ಉದ್ಯಮ ನಿನ್ನ ಸ್ವಭಾವಕ್ಕೆ ಒಗ್ಗಲ್ಲ" ಅಂದರು. ಗೆಳತಿಯೊಬ್ಬಳು ಒಳ್ಳೆಯ ಮಾತುಗಾತಿ, ಪಾಲುದಾರಳಾಗುತ್ತೇನೆ ಅನ್ನುತ್ತಿದ್ದಾಳೆ. ಸ್ವಭಾವ ಇದನ್ನೆಲ್ಲ ನಿಜವಾಗಿ ನಿರ್ಧರಿಸುತ್ತಾ? ಅವಳನ್ನು ಸೇರಿಸಿಕೊಳ್ಳಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಿಪೋರ್ಟ್‌ನ ಅಂಕಿಗಳನ್ನು ಒಂದೂ ಬಿಡದೆ ಬರೆದಿದ್ದೀರಿ, ಎರಡು ವರ್ಷದ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ಇದು ಉಲ್ಟಾ ಇರಬೇಕಿತ್ತು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು ಆ 22ರ ವಿಷಯ, ಅಂದರೆ ಬಹಿರ್ಮುಖತೆ, ಜನರ ಜತೆ ಬೆರೆತು ಮಾತಾಡುವ ಗುಣ. ಇದು ನೂರಕ್ಕೆ 22 ಮಾರ್ಕ್ಸ್ ಬಂದ ಹಾಗಲ್ಲ. ಪರ್ಸೆಂಟೈಲ್ ಅಂದರೆ ಸಾಲಿನಲ್ಲಿ ನಿಮ್ಮ ಜಾಗ. ನೂರು ಜನರನ್ನು ಬಹಿರ್ಮುಖತೆಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ಸುಮಾರು 22 ಜನ ನಿಮಗಿಂತ ಹಿಂದೆ ಇರುತ್ತಾರೆ, ಅಷ್ಟೇ. ಪಾಸು ಫೇಲು ಅನ್ನುವುದು ಇಲ್ಲಿಲ್ಲ. ಅದೂ ಯಾರ ಜತೆ ಹೋಲಿಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ನಾಟಕ ತಂಡದವರ ಪಕ್ಕ ನಿಲ್ಲಿಸಿದರೆ ನೀವು ಇನ್ನೂ ಹಿಂದೆ, ದಿನವಿಡೀ ಲೈಬ್ರರಿಯಲ್ಲಿ ಕೂರುವವರ ಪಕ್ಕ ನಿಲ್ಲಿಸಿದರೆ ಬಹುಶಃ ಮುಂದೆ.

ಇನ್ನೊಂದು ಮಾತು. ಈ ಪರೀಕ್ಷೆಗಳಲ್ಲಿ ನಿಮ್ಮನ್ನು ಅಳೆಯುವವರು ನೀವೇ. "ಗುಂಪಿನಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ" ಅನ್ನುವಂಥ ವಾಕ್ಯ ಕೊಡುತ್ತಾರೆ, 1ರಿಂದ 5ರೊಳಗೆ ಗುರುತು ಹಾಕಬೇಕು. ನಾನು ನೋಡಿದ ಮಟ್ಟಿಗೆ, ಆತಂಕದ ಸ್ವಭಾವದವರು ತಮ್ಮ ಬಗ್ಗೆ ಗುರುತು ಹಾಕುವಾಗ ಬಲು ಬಿಗಿ. ಬೇರೆ ಯಾರಾದರೂ ನಿಮ್ಮ ಪರವಾಗಿ ಅದೇ ಹಾಳೆ ತುಂಬಿದರೆ ಅಂಕಿ ಒಂಚೂರು ಬೇರೆಯೇ ಬಂದೀತು.

ಹಾಗಂತ ಆ ಪರೀಕ್ಷೆ ಸುಮ್ನೆ ಆಟ ಅಂತಲ್ಲ. ನಿಮಗೆ ಮಾಡಿಸಿದ್ದು ಐದು ಗುಣಗಳ ಮಾದರಿ. ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಅನ್ನುವ ಮನಶ್ಶಾಸ್ತ್ರಜ್ಞರು 1992ರಲ್ಲಿ ಇದಕ್ಕೆ 240 ಪ್ರಶ್ನೆಗಳ ಒಂದು ದೊಡ್ಡ ಪ್ರಶ್ನಾವಳಿಯನ್ನೇ ಹೊರತಂದರು. ಕಾಲೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಂಥವುಗಳ ಚಿಕ್ಕ ರೂಪ. ಬಹಿರ್ಮುಖತೆ, ಹೊಂದಾಣಿಕೆ, ಅಚ್ಚುಕಟ್ಟುತನ, ಆತಂಕ, ಹೊಸತಿಗೆ ತೆರೆದ ಮನಸ್ಸು, ಈ ಐದೂ ಜನರ ನಡುವೆ ನಿಜವಾಗಿ ಕಾಣುವ ವ್ಯತ್ಯಾಸಗಳೇ. ನಾಲ್ಕು ಅಕ್ಷರ ಕೊಟ್ಟು "ನೀನು ಈ ಜಾತಿಯ ಮನುಷ್ಯ" ಅಂತ ಡಬ್ಬಿಗೆ ತುಂಬುವ ಪರೀಕ್ಷೆಗಳಿಗಿಂತ ಇದು ಎಷ್ಟೋ ಮೇಲು. ಆ ಡಬ್ಬಿಗಳಲ್ಲಿ ಕೆಲವೇ ವಾರ ಬಿಟ್ಟು ಮತ್ತೆ ಬರೆದರೆ ಅನೇಕರ ಅಕ್ಷರವೇ ಬದಲಾಗಿರುತ್ತದೆ.

ಸರಿ, ಈ ಐದು ಗುಣಗಳಿಗೂ "ಉದ್ಯಮ ಶುರು ಮಾಡಬೇಕು" ಅನ್ನುವ ಆಸೆಗೂ ಎಷ್ಟು ನಂಟಿದೆ? ಹಾವೋ ಝಾವೋ, ಸ್ಕಾಟ್ ಸೀಬರ್ಟ್ ಮತ್ತು ಜಿ. ಟಿ. ಲಂಪ್ಕಿನ್ ಅನ್ನುವ ಸಂಶೋಧಕರು 2010ರಲ್ಲಿ ಹಲವಾರು ಅಧ್ಯಯನಗಳ ಫಲಿತಾಂಶ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಐದೂ ಗುಣ ಸೇರಿ ಆಸೆಯ ಜತೆ 0.36ರಷ್ಟು ಸಂಬಂಧ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಉದ್ಯಮ ಶುರುವಾದ ಮೇಲೆ ಅದು ಹೇಗೆ ನಡೆಯಿತು ಅನ್ನುವುದರ ಜತೆ 0.31. ಅಂಕಿಅಂಶದವರು ಈ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಓದುತ್ತಾರೆ. 0.36 ಅನ್ನು ಹಾಗೆ ಗುಣಿಸಿದರೆ 0.13. ಅಂದರೆ ಒಬ್ಬರಿಗೆ ಆಸೆ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ ಯಾಕೆ ಅನ್ನುವುದರಲ್ಲಿ ನೂರಕ್ಕೆ 13 ಪಾಲು ಸ್ವಭಾವದ ಲೆಕ್ಕಕ್ಕೆ ಹೋಗುತ್ತದೆ. ಉಳಿದ 87 ಪಾಲು ಬೇರೆ ಕಡೆ ಇದೆ. ಮನಶ್ಶಾಸ್ತ್ರದಲ್ಲಿ 13 ಸಣ್ಣದೇನಲ್ಲ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ 13 ಪಾಲು ಹಿಡಿದುಕೊಂಡು "ನಿನಗೆ ಒಗ್ಗಲ್ಲ" ಅನ್ನಲು ಧೈರ್ಯ ಬೇಕು.

ಅದೇ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಅಪಾಯಕ್ಕೆ ಕೈಹಾಕುವ ಗುಣ ಇದ್ದವರಿಗೆ ಉದ್ಯಮ ಶುರು ಮಾಡುವ ಆಸೆ ಹೆಚ್ಚು. ಆದರೆ ಉದ್ಯಮ ಚೆನ್ನಾಗಿ ನಡೆಯುವುದಕ್ಕೂ ಆ ಗುಣಕ್ಕೂ ನಂಟು ಕಾಣಲಿಲ್ಲ. ಅಂದರೆ ನಮ್ಮನ್ನು ಬಾಗಿಲ ತನಕ ಕರೆತರುವ ಗುಣವೇ ಒಳಗೆ ಹೋದ ಮೇಲೆ ಕೈಹಿಡಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಿಮ್ಮ 88ಕ್ಕೆ ಬಂದಾಗ ಬೇಕಾಗುತ್ತದೆ.

ನಿಮ್ಮ ಮೇಷ್ಟ್ರ ತಲೆಯಲ್ಲಿದ್ದದ್ದು ಬಹುಶಃ ಸ್ಟೇಜ್ ಮೇಲೆ ಮೈಕ್ ಹಿಡಿದು ಓಡಾಡುವ ಉದ್ಯಮಿಯ ಚಿತ್ರ. ಝಾವೋ ಮತ್ತು ಸೀಬರ್ಟ್ ಅವರೇ 2006ರಲ್ಲಿ ಉದ್ಯಮಿಗಳನ್ನೂ ಮ್ಯಾನೇಜರ್‌ಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ದರು. ಉದ್ಯಮಿಗಳಲ್ಲಿ ಅಚ್ಚುಕಟ್ಟುತನ ಮತ್ತು ಹೊಸತಿಗೆ ತೆರೆದ ಮನಸ್ಸು ಹೆಚ್ಚು, ಆತಂಕ ಮತ್ತು ಹೊಂದಾಣಿಕೆ ಕಡಿಮೆ ಇತ್ತು. ಬಹಿರ್ಮುಖತೆಯಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ 22ರ ಕಾರಣಕ್ಕೆ ನಿಮ್ಮನ್ನು ನೌಕರಿಗೆ ಕಳಿಸುವುದಾದರೆ, ಅಲ್ಲೂ ಮ್ಯಾನೇಜರ್ ಆಗಬೇಡಿ ಅನ್ನಬೇಕಾಗುತ್ತದೆ! 22ರ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಳ್ಳಿ.

ಈಗ 88, ಅಂದರೆ ಹೊಂದಾಣಿಕೆ, ಇನ್ನೊಬ್ಬರ ಮನಸ್ಸು ನೋಯಿಸದೆ ಹೊಂದಿಕೊಂಡು ಹೋಗುವ ಗುಣ. ನಿಜವಾದ ಮಾತುಕತೆ ಇರುವುದು ಇಲ್ಲೇ.

ಮೇಲೆ ಹೇಳಿದ 2010ರ ಲೆಕ್ಕದಲ್ಲಿ ಹೊಂದಾಣಿಕೆ ಸ್ವಭಾವಕ್ಕೂ ಉದ್ಯಮದ ಆಸೆಗೂ ನಂಟು ಕಾಣಲಿಲ್ಲ. ಉಳಿದ ನಾಲ್ಕು ಗುಣಕ್ಕೆ ಇತ್ತು, ಇದೊಂದಕ್ಕೆ ಇಲ್ಲ. ಆದರೆ ಅದು ಸಾಮಾನ್ಯ ಉದ್ಯಮದ ಲೆಕ್ಕ. ಅದೇ 2010ರಲ್ಲಿ ಜಾಯ್ಸ್ ಙಾ ಮತ್ತು ಗೋಮತಿ ಶಣ್ಮುಗನಾಥನ್ ಅನ್ನುವ ಇಬ್ಬರು ಮಲೇಷ್ಯಾದಲ್ಲಿ ವಿದ್ಯಾರ್ಥಿಗಳನ್ನು ಕೇಳಿದ್ದು ಸಾಮಾಜಿಕ ಉದ್ಯಮದ ಬಗ್ಗೆ. ಅಲ್ಲಿ ಹೊಂದಾಣಿಕೆ ಸ್ವಭಾವವೇ ಮುಂದೆ ಬಂತು. ಸಮಾಜಕ್ಕೆ ಏನು ಬೇಕು ಅನ್ನುವ ಕಣ್ಣೋಟ, ಬಹುಕಾಲ ನಿಲ್ಲುವಂತೆ ಮಾಡುವುದು, ಜನರ ಜಾಲ ಕಟ್ಟುವುದು, ಹೀಗೆ ಅವರು ಅಳೆದ ಬೇರೆ ಬೇರೆ ಮುಖಗಳಿಗೆಲ್ಲ ಆ ಗುಣದ ಬೆಂಬಲ ಸಿಕ್ಕಿತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಇನ್ನೊಬ್ಬರ ಕಷ್ಟ ಮನಸ್ಸಿಗೆ ತಟ್ಟುವವರು ತಾನೇ "ಇದಕ್ಕೇನಾದರೂ ಮಾಡಬೇಕು" ಅಂತ ಏಳುವುದು?

ಒಂದು ಎಚ್ಚರಿಕೆ ಹೇಳಲೇಬೇಕು. ಇಂಥ ಸಮೀಕ್ಷೆಗಳಲ್ಲಿ ಒಬ್ಬರೇ ವಿದ್ಯಾರ್ಥಿ ಒಂದೇ ಸಲ ಕೂತು ಎರಡೂ ಭಾಗ ತುಂಬುತ್ತಾರೆ. "ನಾನು ಕರುಣೆಯುಳ್ಳವನು" ಅನ್ನುವಲ್ಲಿ 5 ಹಾಕಿದವರು, ಮುಂದಿನ ಪುಟದಲ್ಲಿ "ಸಮಾಜಕ್ಕಾಗಿ ಉದ್ಯಮ ಮಾಡುವ ಮನಸ್ಸಿದೆಯಾ" ಅಂದರೆ 2 ಹಾಕುತ್ತಾರಾ? ಒಳ್ಳೆಯವರಾಗಿ ಕಾಣುವ ಆಸೆ ಎಲ್ಲರಿಗೂ ಇರುತ್ತದೆ. ಆದ್ದರಿಂದ ಆ ನಂಟಿನಲ್ಲಿ ಸ್ವಲ್ಪ ನೀರು ಬೆರೆತಿರುತ್ತದೆ ಅಂತಲೇ ಓದಬೇಕು.

ಈಗ 2006ರ ಮಾತು ನೆನಪಿಸಿಕೊಳ್ಳಿ. ಉದ್ಯಮ ನಡೆಸುತ್ತಿರುವವರಲ್ಲಿ ಹೊಂದಾಣಿಕೆ ಸ್ವಭಾವ ಮ್ಯಾನೇಜರ್‌ಗಳಿಗಿಂತ ಕಡಿಮೆ. ಚೌಕಾಸಿ ಮಾಡಬೇಕು, ಬಾಕಿ ಕೇಳಬೇಕು, ಆಗಲ್ಲ ಅನ್ನಬೇಕು. ನಿಮ್ಮನ್ನು ಈ ದಾರಿಗೆ ಎಳೆದ ಗುಣವೇ, ದುಡ್ಡಿನ ಮಾತು ಬಂದ ತಕ್ಷಣ ನಿಮ್ಮ ನಾಲಿಗೆ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಉದ್ಯಮಿಗೆ ಈ ಇಕ್ಕಟ್ಟು ಅಷ್ಟಿಲ್ಲ. ಸಾಮಾಜಿಕ ಉದ್ಯಮಿಗೆ ಇದು ದಿನದ ಪಾಡು, ಯಾಕೆಂದರೆ ಎದುರಿಗೆ ನಿಂತ ಗಿರಾಕಿಯೂ ಅವರೇ, ನೀವು ನೆರವಾಗಬೇಕು ಅಂದುಕೊಂಡವರೂ ಅವರೇ.

ನಾನು ಕೆಲವು ವರ್ಷ ವಿದ್ಯಾರ್ಥಿ ತಂಡಗಳ ಜತೆ ಕೆಲಸ ಮಾಡಿದ್ದೇನೆ. ಒಂದು ತಂಡ ಹಳೆಯ ವೀಲ್‌ಚೇರ್ ರಿಪೇರಿ ಮಾಡುತ್ತಿತ್ತು. ವೀಲ್‌ಚೇರ್ ಕೆಟ್ಟಿದೆ ಅಂತ ತಂದರೆ ಎಷ್ಟೋ ಸಲ ಕೆಟ್ಟಿರುವುದು ಮುಂದಿನ ಚಿಕ್ಕ ಚಕ್ರ. ಅದರ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡು ಬೇರಿಂಗ್ ಬಿಗಿಯಾಗಿರುತ್ತದೆ. ಇಲ್ಲವೇ ಬ್ರೇಕ್ ಸಡಿಲ, ಇಲ್ಲವೇ ಕೂರುವ ಬಟ್ಟೆ ಜೋತುಬಿದ್ದಿರುತ್ತದೆ. ಆ ತಂಡದ ಒಬ್ಬ ಹುಡುಗಿಯ ಕೈ ಎಷ್ಟು ಚೊಕ್ಕ ಅಂದರೆ, ಬ್ಲೇಡಿನಿಂದ ಆ ಕೂದಲನ್ನು ಸುರುಳಿ ಸುರುಳಿಯಾಗಿ ಬಿಡಿಸಿ, ಚಕ್ರವನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದಳು. ಆಮೇಲೆ ವೀಲ್‌ಚೇರ್ ತಂದವರು "ಎಷ್ಟಾಯ್ತಮ್ಮ?" ಅಂತ ಕೇಳುತ್ತಿದ್ದರು. ಇವಳು ನೆಲ ನೋಡಿಕೊಂಡು "ಪರವಾಗಿಲ್ಲ, ಆಮೇಲೆ ನೋಡೋಣ" ಅನ್ನುತ್ತಿದ್ದಳು. ಆ ಆಮೇಲೆ ಬರಲೇ ಇಲ್ಲ. ಮೂರು ತಿಂಗಳು ಬೇರಿಂಗ್ ದುಡ್ಡು ತಂಡದವರ ಜೇಬಿನಿಂದಲೇ ಹೋಯಿತು, ಜೇಬು ಖಾಲಿಯಾದಾಗ ಜಗಳ ಶುರುವಾಯಿತು.

ನಾನೂ ಆಗ ದಡ್ಡತನ ಮಾಡಿದೆ. ಅವಳಿಗೆ ಧೈರ್ಯವಾಗಿ ದುಡ್ಡು ಕೇಳುವುದನ್ನು ಕಲಿಸೋಣ ಅಂತ ಎರಡು ವಾರ ಒದ್ದಾಡಿದೆ. ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸಿದೆ. ಏನೂ ಉಪಯೋಗ ಆಗಲಿಲ್ಲ, ಅವಳು ಇನ್ನಷ್ಟು ಮುದುಡಿದಳು. ಕೊನೆಗೆ ದಾರಿ ಹುಡುಕಿದವಳು ಅವಳೇ. ಗೋಡೆಗೆ ಒಂದು ದರಪಟ್ಟಿ ಅಂಟಿಸಿದಳು. ಚಕ್ರಕ್ಕೆ ಇಷ್ಟು, ಬ್ರೇಕಿಗೆ ಇಷ್ಟು, ಸೀಟಿಗೆ ಇಷ್ಟು. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: "ಪೂರ್ತಿ ಕೊಡಲು ಆಗದಿದ್ದರೆ ಹೇಳಿ, ಕಡಿಮೆ ಮಾಡುತ್ತೇವೆ." ಆಮೇಲೆ ಯಾರಾದರೂ "ಎಷ್ಟಾಯ್ತು?" ಅಂದರೆ ಗೋಡೆ ಕಡೆ ಕೈ ತೋರಿಸುತ್ತಿದ್ದಳು, ಅಷ್ಟೇ. ಹೆಚ್ಚಿನವರು ಪೂರ್ತಿ ಕೊಟ್ಟರು. ಅವಳ ಸ್ವಭಾವ ಒಂದಿಂಚೂ ಬದಲಾಗಲಿಲ್ಲ. ಅವಳ ಬಾಯಲ್ಲಿ ಹೊರಡದ ಮಾತನ್ನು ಗೋಡೆ ಹೇಳಿತು. ಆ ಎರಡನೇ ಸಾಲು ಇದೆಯಲ್ಲ, ಅದು 88 ಇರುವವರಿಗೆ ಮಾತ್ರ ಹೊಳೆಯುವಂಥದ್ದು. ಬರೀ ವ್ಯಾಪಾರದ ಬುದ್ಧಿ ಇರುವವರು ಅದನ್ನು ಬರೆಯುತ್ತಿರಲಿಲ್ಲ.

ನಿಮಗೂ ಇದೇ ಹೇಳುತ್ತೇನೆ. 88 ಅನ್ನು 60ಕ್ಕೆ ಇಳಿಸಲು ಹೋಗಬೇಡಿ. "ಆಗಲ್ಲ" ಅನ್ನುವ ಕೆಲಸವನ್ನು ನಿಮ್ಮ ಬಾಯಿಯಿಂದ ತೆಗೆದು ಒಂದು ನಿಯಮಕ್ಕೆ ಕೊಡಿ. ವಾರಕ್ಕೆ ಇಷ್ಟೇ ಗಂಟೆ ರೆಕಾರ್ಡಿಂಗ್, ಇಷ್ಟು ದಿನ ಮುಂಚೆ ಪುಸ್ತಕ ತಲುಪಬೇಕು, ಅರ್ಜೆಂಟ್ ಆದರೆ ಇಷ್ಟು ಅಧ್ಯಾಯ ಮಾತ್ರ. ಇದನ್ನು ಬರೆದು ಎಲ್ಲರಿಗೂ ಮೊದಲೇ ಕಳಿಸಿಬಿಡಿ. ಏಳು ಜನ ಕೇಳುತ್ತಿದ್ದಾರೆ ಅಂದಿರಿ. ನಿಮ್ಮಂಥವರು ಏಳಕ್ಕೂ ಹೂಂ ಅಂದು, ಎಂಟನೆಯದಕ್ಕೂ ಹೂಂ ಅಂದು, ಪರೀಕ್ಷೆ ಹತ್ತಿರ ಬಂದಾಗ ಗಂಟಲು ಕಟ್ಟಿಕೊಂಡು ಮಲಗುತ್ತೀರಿ. ತಪ್ಪಾ ನಾನು ಹೇಳಿದ್ದು?

ಇನ್ನು ಆತಂಕದ 74ರ ಬಗ್ಗೆ. ಇನ್ನೊಬ್ಬರ ನೋವು ನಮಗೂ ತಟ್ಟುವುದನ್ನು ಎಂಪಥಿ ಅಂತ ಒಂದೇ ಪದದಲ್ಲಿ ಹೇಳುತ್ತೇವಲ್ಲ, ಅದು ಒಂದೇ ವಸ್ತು ಅಲ್ಲ. ಮಾರ್ಕ್ ಡೇವಿಸ್ ಅನ್ನುವವರು 1983ರಲ್ಲೇ ಅದನ್ನು ನಾಲ್ಕು ಭಾಗ ಮಾಡಿ ತೋರಿಸಿದರು. ನಮಗಿಲ್ಲಿ ಮೂರು ಸಾಕು. ಒಂದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು. ಎರಡು, ಅವರ ಬಗ್ಗೆ ಮರುಕ. ಮೂರು, ಅವರ ಕಷ್ಟ ನೋಡಿ ನಮಗೇ ಆಗುವ ಸಂಕಟ. ಈ ಮೂರನೆಯದು ಮೋಸಗಾರ. ಹೊರಗಿನಿಂದ ಕರುಣೆಯ ಹಾಗೇ ಕಾಣುತ್ತದೆ, ಆದರೆ ಅದು ಹೆಚ್ಚಾದರೆ ಮನುಷ್ಯ ನೆರವಾಗುವ ಬದಲು ಆ ನೋಟದಿಂದ ತಪ್ಪಿಸಿಕೊಳ್ಳಲು ನೋಡುತ್ತಾನೆ. ಆತಂಕದ ಸ್ವಭಾವದವರಿಗೆ ಈ ಮೂರನೆಯದು ಜಾಸ್ತಿ. ತರಗತಿಯಲ್ಲಿ ಸಾಮಾಜಿಕ ಸಮಸ್ಯೆಯ ವಿಡಿಯೋ ನೋಡಿ ಕಣ್ಣೀರು ಹಾಕಿದವರು ಮಾರನೇ ದಿನ ತಂಡದ ಮೀಟಿಂಗಿಗೆ ಬರದೇ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರು ಸುಳ್ಳುಗಾರರಲ್ಲ. ಅಳು ನಿಜ, ಆದರೆ ಆ ಅಳು ಅವರನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ನಿಮ್ಮ ವಿಷಯದಲ್ಲಿ ಈ ಭಯ ನನಗಿಲ್ಲ. ಬರೀ ಸಂಕಟ ಆಗಿದ್ದರೆ ನಾಲ್ಕು ರೆಕಾರ್ಡಿಂಗ್‌ಗೆ ನೀವು ಸುಸ್ತಾಗಿ ನೆಪ ಹೇಳುತ್ತಿದ್ದಿರಿ.

ಹಾಗಾದರೆ ಕರುಣೆ ಇರುವ ಎಲ್ಲರೂ ಯಾಕೆ ಈ ದಾರಿ ಹಿಡಿಯುವುದಿಲ್ಲ? ನಡುವೆ ಒಂದು ಕೊಂಡಿ ಇದೆ. ಯೋಹಾನಾ ಮಾಯರ್ ಮತ್ತು ಎರ್ನೆಸ್ಟೊ ನೊಬೊವಾ 2006ರಲ್ಲಿ ಸಾಮಾಜಿಕ ಉದ್ಯಮದ ಆಸೆ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಒಂದು ನಕ್ಷೆ ಕೊಟ್ಟರು. ಎಂಪಥಿ, "ಇದು ನನ್ನ ಕರ್ತವ್ಯ" ಅನ್ನುವ ಭಾವ, "ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆ, ಸುತ್ತಲಿನವರ ಬೆಂಬಲ. ಕಾಯ್ ಹೊಕರ್ಟ್ಸ್ ಅನ್ನುವ ಸಂಶೋಧಕರು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಆ ನಾಲ್ಕಕ್ಕೆ ಅವರು ಇನ್ನೊಂದನ್ನು ಸೇರಿಸಿದ್ದರು: ಸಾಮಾಜಿಕ ಸಮಸ್ಯೆಯ ಜತೆ ಮೊದಲೇ ಕೈಯಾರೆ ಕೆಲಸ ಮಾಡಿದ ಅನುಭವ. ಹೆಚ್ಚು ತೂಕ ಬಂದದ್ದು ಕೈಲಾಗುತ್ತೆ ಅನ್ನುವ ನಂಬಿಕೆಗೆ. ಮೊದಲಿನ ಅನುಭವ ಇದ್ದವರಲ್ಲಿ ಆಸೆಯೂ ಹೆಚ್ಚಿತ್ತು. ಸೋಫಿ ಬಾಕ್ ಮತ್ತು ಎಲಿಸಾ ಆಲ್ಟ್ 2018ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ, ಎಂಪಥಿ ನೇರವಾಗಿ ಆಸೆಗೆ ಹಾರುವುದಿಲ್ಲ, "ನನ್ನಿಂದ ಆಗುತ್ತೆ" ಮತ್ತು "ನಾನು ಮಾಡಿದ್ದಕ್ಕೆ ಅವರಿಗೆ ಬೆಲೆ ಇದೆ" ಅನ್ನುವ ಎರಡು ಭಾವನೆಗಳ ಮೂಲಕ ಹೋಗುತ್ತದೆ ಅಂತ ತೋರಿಸಿದರು.

ಆ ಎರಡನೆಯದನ್ನು ಇನ್ನೊಮ್ಮೆ ಓದಿ. ನಿಮ್ಮ ಜೂನಿಯರ್ ಎರಡು ವರ್ಷದಲ್ಲಿ ಒಂದು ಸಲವಾದರೂ ನಿಮಗೆ ಹೇಳಿರುತ್ತಾರೆ, "ನಿಮ್ಮ ರೆಕಾರ್ಡಿಂಗ್ ಕೇಳಿ ಆ ಪೇಪರ್ ಬರೆದೆ" ಅಂತಲೋ, ಅಥವಾ "ಮೂರನೇ ಅಧ್ಯಾಯದಲ್ಲಿ ಪಟ್ಟಿ ಓದಿದ್ದು ಅರ್ಥ ಆಗಲಿಲ್ಲ, ಅಡ್ಡ ಸಾಲು ಮೊದಲು ಓದಿ" ಅಂತಲೋ. ಮೊದಲನೆಯದು ನಿಮ್ಮ ಕೆಲಸಕ್ಕೆ ಬೆಲೆ ಇದೆ ಅಂದಿತು. ಎರಡನೆಯದು ನಿಮಗೆ ಕೆಲಸ ಕಲಿಸಿತು. ಚಿತ್ರ ಬಂದಾಗ ಏನು ಮಾಡಬೇಕು, ಅಡಿಟಿಪ್ಪಣಿಯನ್ನು ವಾಕ್ಯದ ನಡುವೆ ಓದಬೇಕಾ ಪುಟದ ಕೊನೆಯಲ್ಲಾ, ಪುಟದ ಸಂಖ್ಯೆ ಹೇಳಬೇಕಾ, ಇದೆಲ್ಲ ನಿಮಗೆ ಗೊತ್ತು. ನಿಮ್ಮ ಮೇಷ್ಟ್ರಿಗೂ ಗೊತ್ತಿರಲಿಕ್ಕಿಲ್ಲ, ನನಗಂತೂ ಗೊತ್ತಿಲ್ಲ. ಆಲ್ಬರ್ಟ್ ಬಂಡೂರಾ 1977ರಲ್ಲಿ ಈ "ಕೈಲಾಗುತ್ತೆ" ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ನಾಲ್ಕು ಮೂಲ ಹೇಳಿದರು. ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ನೋಡಿದ್ದು, ಬೇರೆಯವರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಗಟ್ಟಿ. ಬೇರೆಯವರ ಮಾತು ಅಷ್ಟು ಗಟ್ಟಿಯಲ್ಲ. ಅದು ಹೊಗಳಿಕೆಗೂ ಸೇರಿ ಅನ್ವಯ ಆಗುತ್ತದೆ, ನಿಮ್ಮ ಮೇಷ್ಟ್ರ ಮಾತಿಗೂ ಆಗುತ್ತದೆ, ಈ ನನ್ನ ಉತ್ತರಕ್ಕೂ ಆಗುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸ್ವಭಾವ ಎಳೆಯುತ್ತದೆ, ನಿರ್ಧರಿಸುವುದಿಲ್ಲ. ಯಾವ ಕಡೆ ಕಣ್ಣು ಹೋಗುತ್ತದೆ, ಯಾವುದು ಮನಸ್ಸಿಗೆ ತಟ್ಟುತ್ತದೆ, ಯಾವ ಕೆಲಸ ಕೊಟ್ಟರೆ ಬೇಗ ಸುಸ್ತಾಗುತ್ತೀರಿ, ಅಷ್ಟನ್ನು ಅದು ಹೇಳಬಹುದು. ಮಾಡಬೇಕಾ ಬೇಡವಾ ಅನ್ನುವುದನ್ನು ಕೈಗೆ ಹತ್ತಿದ ಕೆಲಸ ಹೇಳುತ್ತದೆ.

ಮುಹಮ್ಮದ್ ಯೂನುಸ್ ಹೆಸರು ಕೇಳಿರುತ್ತೀರಿ. 1976ರಲ್ಲಿ ಅವರು ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರು. ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಬಿದಿರಿನ ಸ್ಟೂಲ್ ಹೆಣೆಯುವವರು ಸಾಲ ಕೊಡುವವರ ಕೈಯಲ್ಲಿ ಸಿಕ್ಕಿಬಿದ್ದಿದ್ದನ್ನು ನೋಡಿದರು. 42 ಜನಕ್ಕೆ ಒಟ್ಟು ಬೇಕಾಗಿದ್ದದ್ದು ಸುಮಾರು 27 ಡಾಲರ್. ಅದನ್ನು ಜೇಬಿನಿಂದ ಕೊಟ್ಟರು. ಆಮೇಲೆ ಬ್ಯಾಂಕಿಗೆ ಹೋಗಿ ಇವರಿಗೆ ಸಾಲ ಕೊಡಿ ಅಂದರು, ಆಗಲ್ಲ ಅಂದರು, ಕೊನೆಗೆ ತಾವೇ ಜಾಮೀನು ನಿಂತರು. ಹೀಗೆ ಶುರುವಾದ ಅವರ ಗ್ರಾಮೀಣ ಬ್ಯಾಂಕ್ ಸ್ವತಂತ್ರ ಬ್ಯಾಂಕ್ ಆದದ್ದು 1983ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 2006ರಲ್ಲಿ. ನಾನು ಪ್ರಶಸ್ತಿಗಾಗಿ ಇದನ್ನು ಹೇಳುತ್ತಿಲ್ಲ. 1976 ಮತ್ತು 1983ರ ನಡುವಿನ ಏಳು ವರ್ಷ ನೋಡಿ. ನಿಮ್ಮ ಈ ಕೆಲಸಕ್ಕೆ ಈಗಷ್ಟೇ ಎರಡು ವರ್ಷ.

"ಸರಿ, ಆದರೆ ಮುನ್ನುಗ್ಗುವ ಗುಣವೇ ಇಲ್ಲದಿದ್ದರೆ?" ಅಂತ ಕೇಳಬಹುದು. ಅದನ್ನು ಕಲಿಯಬಹುದು ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಪಶ್ಚಿಮ ಆಫ್ರಿಕಾದ ಟೋಗೋ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ಒಂದು ಪ್ರಯೋಗ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲೆಕ್ಕಪತ್ರ, ಮಾರ್ಕೆಟಿಂಗ್ ಥರದ ಮಾಮೂಲಿ ತರಬೇತಿ. ಇನ್ನೊಂದು ಗುಂಪಿಗೆ ತಾನಾಗಿ ಹೆಜ್ಜೆ ಇಡುವುದು, ಅಡ್ಡಿ ಬಂದಾಗ ಬಿಡದೆ ಇರುವುದು, ಮುಂದಾಗಿ ಯೋಚಿಸುವುದು, ಇದರ ತರಬೇತಿ. ಮೂರನೆಯ ಗುಂಪಿಗೆ ಏನೂ ಇಲ್ಲ. ಏನೂ ಸಿಗದವರಿಗೆ ಹೋಲಿಸಿದರೆ ಎರಡನೆಯ ಗುಂಪಿನ ಲಾಭ ಶೇ. 30ರಷ್ಟು ಏರಿತು. ಮಾಮೂಲಿ ತರಬೇತಿ ಪಡೆದವರಲ್ಲಿ ಏರಿಕೆ ಶೇ. 11, ಅದೂ ಖಚಿತವಾಗಿ ನಂಬುವಷ್ಟಲ್ಲ. ಆ ವ್ಯಾಪಾರಿಗಳ ಹುಟ್ಟುಗುಣ ಬದಲಾಗಲಿಲ್ಲ, ಅವರು ಮಾಡುವ ರೀತಿ ಬದಲಾಯಿತು. ಅಷ್ಟು ಸಾಕಲ್ವಾ?

ಆದರೆ ಕಾಲೇಜಿನ ಎಲ್ಲ ಕೋರ್ಸೂ ಹೀಗೆ ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ವಿದ್ಯಾರ್ಥಿಗಳು ಪುಟ್ಟ ಕಂಪನಿ ನಡೆಸುವ ಒಂದು ಕಾರ್ಯಕ್ರಮವನ್ನು ಸಂಶೋಧಕರು ಅಳೆದು 2010ರಲ್ಲಿ ಬರೆದರು. ಮುಗಿಯುವ ಹೊತ್ತಿಗೆ ಉದ್ಯಮಿಯಾಗುವ ಆಸೆ ಹೆಚ್ಚುವ ಬದಲು ಕಡಿಮೆಯಾಗಿತ್ತು. ಇದನ್ನು ಸೋಲು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಹೇಗಿರುತ್ತದೆ ಅಂತ ಗೊತ್ತಾದ ಮೇಲೆ ಬೇಡ ಅನ್ನುವುದು, ಗೊತ್ತಿಲ್ಲದೆ ಬೇಕು ಅನ್ನುವುದಕ್ಕಿಂತ ಮೇಲು. ನೀವೂ ಇನ್ನು ಆರು ತಿಂಗಳಿಗೆ "ನನಗೆ ಓದುವುದು ಇಷ್ಟ, ಸಂಸ್ಥೆ ನಡೆಸುವುದು ಇಷ್ಟವಿಲ್ಲ" ಅಂತ ಕಂಡುಕೊಂಡರೆ ಅದರಲ್ಲಿ ನಾಚಿಕೆ ಇಲ್ಲ. ಬೇರೆ ಯಾರಾದರೂ ಕಟ್ಟಿದ ಸಂಸ್ಥೆಯಲ್ಲಿ ಓದಿ.

ಆಸೆ ಮತ್ತು ಕೆಲಸದ ನಡುವೆ ದೊಡ್ಡ ಹಳ್ಳ ಇದೆ ಅನ್ನುವುದೂ ನಿಜ. ಮಾಡುತ್ತೇನೆ ಅಂದವರಲ್ಲಿ ಎಷ್ಟೋ ಜನ ಮಾಡುವುದಿಲ್ಲ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ಒಂದು ಸರಳ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಮೊದಲೇ ಬರೆದಿಟ್ಟುಕೊಳ್ಳುವುದು. "ದುಡ್ಡಿನ ವಿಷಯದಲ್ಲಿ ಗಟ್ಟಿಯಾಗಿರುತ್ತೇನೆ" ಅಂತ ಬರೆದರೆ ಪ್ರಯೋಜನ ಇಲ್ಲ. "ಯಾರಾದರೂ ಎಷ್ಟಾಗುತ್ತೆ ಅಂತ ಕೇಳಿದರೆ, ದರಪಟ್ಟಿಯನ್ನು ಆಗಲೇ ಮೊಬೈಲ್‌ನಲ್ಲಿ ಕಳಿಸುತ್ತೇನೆ" ಅಂತ ಬರೆಯಿರಿ. ಆತಂಕ ಜಾಸ್ತಿ ಇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅನುಭವ. ಆ ಕ್ಷಣದಲ್ಲಿ ಯೋಚಿಸುವುದೇ ಬೇಡವಲ್ಲ.

ದುಡ್ಡಿನ ಬಗ್ಗೆ ಇನ್ನೂ ಒಂದು. ಕೇಳುವವರೇ ಕೊಡಬೇಕು ಅಂತೇನಿಲ್ಲ. ರೆಕಾರ್ಡಿಂಗ್ ಬೇಕಾಗಿರುವುದು ವಿದ್ಯಾರ್ಥಿಗೆ, ಆದರೆ ಅದನ್ನು ಒದಗಿಸುವ ಜವಾಬ್ದಾರಿ ಕಾಲೇಜಿಗೋ ಲೈಬ್ರರಿಗೋ ಇರಬಹುದು. ಹಾಗೆ ಕೊಡುವವರು ಬೇರೆ, ಪಡೆಯುವವರು ಬೇರೆ ಆದರೆ ನಿಮ್ಮ 88ಕ್ಕೆ ಅರ್ಧ ಭಾರ ಇಳಿಯುತ್ತದೆ. ಒಂದು ಸಂಸ್ಥೆಯ ಹತ್ತಿರ ದುಡ್ಡು ಕೇಳುವುದು, ಕಣ್ಣು ಕಾಣದ ಹುಡುಗನ ಹತ್ತಿರ ಕೇಳುವಷ್ಟು ಕಷ್ಟ ಅಲ್ಲ. ಏಳು ಜನರಿಗೆ ಹಂಚುವ ಮುಂಚೆ ಹಕ್ಕುಸ್ವಾಮ್ಯದ ನಿಯಮವನ್ನೂ ನೋಡಿಕೊಳ್ಳಿ. ದೃಷ್ಟಿ ತೊಂದರೆ ಇರುವವರಿಗಾಗಿ ಪುಸ್ತಕಗಳನ್ನು ಓದಲು ಬರುವ ರೂಪಕ್ಕೆ ತರಲು ದಾರಿ ಮಾಡಿಕೊಡುವ ಮರ್ರಾಕೇಶ್ ಒಪ್ಪಂದ 2013ರಲ್ಲಿ ಆಯಿತು, 2016ರಿಂದ ಜಾರಿಯಲ್ಲಿದೆ. ಆದರೆ ಅದನ್ನು ಹೇಗೆ, ಯಾರ ಮೂಲಕ ಮಾಡಬಹುದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಹಾಗೇ ಡೈಸಿ ಅನ್ನುವ ಆಡಿಯೋ ಪುಸ್ತಕದ ಮಾದರಿಯನ್ನೂ ಒಮ್ಮೆ ನೋಡಿ, ಅದರಲ್ಲಿ ಕೇಳುವವರು ಅಧ್ಯಾಯಕ್ಕೆ, ಪುಟಕ್ಕೆ ನೇರ ಹಾರಬಹುದು. ನಿಮ್ಮ ಅಚ್ಚುಕಟ್ಟುತನ 51 ಅಂದಿರಿ. ಅದು ನಡುಮಟ್ಟ. ಫೈಲ್‌ಗಳಿಗೆ ಹೆಸರಿಡುವುದು, ಕೊಟ್ಟ ದಿನಕ್ಕೆ ಮುಗಿಸುವುದು, ಇಲ್ಲಿ ಜಾರುವ ಸಾಧ್ಯತೆ ಇದೆ. 22ಕ್ಕಿಂತ ನಾನು ಗಮನ ಕೊಡುವುದು ಈ 51ಕ್ಕೆ.

ಕೊನೆಯದಾಗಿ ಗೆಳತಿಯ ವಿಷಯ. ಅವಳು ಮಾತುಗಾತಿ ಅನ್ನುವ ಒಂದೇ ಕಾರಣಕ್ಕೆ ಸೇರಿಸಿಕೊಳ್ಳಬೇಡಿ. ನಿಮ್ಮಲ್ಲಿ ಕೊರತೆ ಇರುವುದು ಮಾತಿನದ್ದಲ್ಲ. ಬೇಕಾಗಿರುವುದು ದಿನಾಂಕ ಹಿಡಿಯುವವರು, ಬೇಸರ ಮಾಡಿಕೊಳ್ಳದೆ ಬಾಕಿ ಕೇಳುವವರು. ಅವಳು ಅಂಥವಳಾ ಅಂತ ನೋಡಲು ಪಾಲುದಾರಿಕೆ ಪತ್ರ ಬರೆಯಬೇಕಿಲ್ಲ. ಏಳು ಜನರಲ್ಲಿ ಇಬ್ಬರನ್ನು ಆರಿಸಿಕೊಳ್ಳಿ. ಆರು ವಾರ ನೀವು ಓದಿ, ಅವಳು ಪುಸ್ತಕ ತರಿಸಿಕೊಳ್ಳುವುದು, ಫೈಲ್ ತಲುಪಿಸುವುದು, ಲೈಬ್ರರಿಯವರ ಹತ್ತಿರ ಮಾತಾಡುವುದು ಮಾಡಲಿ. ಕೇಳುವ ಆ ಇಬ್ಬರನ್ನೂ ಪ್ರತಿ ಭಾನುವಾರ ಕೇಳಿ, ಫೈಲ್ ಹೇಳಿದ ದಿನ ಬಂತಾ ಅಂತ. ಆರನೇ ವಾರದ ಕೊನೆಗೆ ಆ ಉತ್ತರಗಳನ್ನು ಇಬ್ಬರೂ ಒಟ್ಟಿಗೆ ಕೂತು ಓದಿ, ಆಮೇಲೆ ಪಾಲುದಾರಿಕೆಯ ಮಾತಾಡಿ. ಆ ಆರು ವಾರದಲ್ಲಿ ಮೂರನೆಯವರು ಯಾರಾದರೂ ಬಂದು ನನಗೂ ಓದಿಕೊಡಿ ಅಂದರೆ, "ಅವಳನ್ನು ಕೇಳಿ" ಅನ್ನಿ.